ಹದಿಮೂರು ನಿಮಿಷ ಒಂದೇ ಸಾ

ಕಳೆದ ವರ್ಷ ಆನ್‌ಲೈನ್‌ನಲ್ಲಿ ಒಂದು ಹಳೇ ಎಲ್‌ಪಿ ತರಿಸಿದೆ. ಫೋಟೋದಲ್ಲಿ ಫಳಫಳ ಹೊಳೆಯುತ್ತಿತ್ತು. ಕೈಗೆ ಬಂದಾಗ ನೋಡಿದರೆ ಒಂದು ಅಂಚು ಹಪ್ಪಳದ ಹಾಗೆ ಮೇಲೆದ್ದಿತ್ತು. ಮಾರಿದವರಿಗೆ ಮೂರು ಸಲ ಬರೆದೆ. ಉತ್ತರ ಬರಲಿಲ್ಲ. ಕೊನೆಗೆ ಎರಡು ಗಾಜಿನ ಹಲಗೆಗಳ ನಡುವೆ ಅದನ್ನಿಟ್ಟು, ಮೇಲೆ ಕನ್ನಡ ನಿಘಂಟಿನ ದಪ್ಪ ಸಂಪುಟಗಳನ್ನು ಹೇರಿ, ಎರಡು ವಾರ ಮುಟ್ಟದೆ ಬಿಟ್ಟೆ. ಆ ಸಂಪುಟಗಳು ನಮ್ಮ ಮನೆಯಲ್ಲಿ ಅಷ್ಟು ಉಪಯೋಗಕ್ಕೆ ಬಂದದ್ದು ಅದೇ ಮೊದಲು. ಈಗ ಪ್ಲೇಟು ತಿರುಗುವಾಗ ಮುಳ್ಳು ಕೆರೆಯ ಮೇಲಿನ ತೆಪ್ಪದ ಹಾಗೆ ಏಳುತ್ತದೆ, ಇಳಿಯುತ್ತದೆ. ಆದರೆ ಹಾರುವುದಿಲ್ಲ. ನನಗೆ ಅಷ್ಟು ಸಾಕು.

ಆ ಪ್ಲೇಟಿನ ಹೆಸರು 'ಈಸ್ಟ್-ವೆಸ್ಟ್'. ಬಟರ್‌ಫೀಲ್ಡ್ ಬ್ಲೂಸ್ ಬ್ಯಾಂಡ್ ಅನ್ನುವ ಶಿಕಾಗೋ ತಂಡದ ಎರಡನೇ ಆಲ್ಬಂ. 1966ರ ಆಗಸ್ಟ್‌ನಲ್ಲಿ ಎಲೆಕ್ಟ್ರಾ ಕಂಪನಿ ಹೊರತಂದದ್ದು. ಬ್ಲೂಸ್ ಅಂದರೆ ಅಮೆರಿಕದ ಕರಿಯರ ನೋವಿನ ಹಾಡು, ಸೈಕೆಡೆಲಿಕ್ ರಾಕ್ ಅಂದರೆ ಅರವತ್ತರ ದಶಕದ ಅಮಲಿನ ರಾಕ್. ಈ ಎರಡೂ ಕೂಡಿದ ಸಂಗೀತ ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಥಟ್ಟನೆ ನೆನಪಾಗುವುದು ಜಿಮಿ ಹೆಂಡ್ರಿಕ್ಸ್. ಇಲ್ಲವೇ ಡೋರ್ಸ್. ಅವರಿಬ್ಬರ ಮೊದಲ ಆಲ್ಬಂಗಳು ಬಂದದ್ದು 1967ರಲ್ಲಿ. ಇದು ಅದಕ್ಕೂ ಮುಂಚಿನದು. ಮದುವೆ ಮನೆಯಲ್ಲಿ ಬೆಳಗಿನ ಜಾವ ಎದ್ದು ಒಲೆ ಹಚ್ಚಿದವರನ್ನು ಊಟದ ಹೊತ್ತಿಗೆ ಯಾರೂ ನೆನಪಿಟ್ಟುಕೊಳ್ಳುವುದಿಲ್ಲವಲ್ಲ, ಈ ಆಲ್ಬಂ ಕತೆಯೂ ಹಾಗೇ.

ಮೊದಲ ಬದಿಯಲ್ಲಿ ಐದು ಹಾಡು. ಶುರುವಾಗುವುದು 'ವಾಕಿಂಗ್ ಬ್ಲೂಸ್'ನಿಂದ. ರಾಬರ್ಟ್ ಜಾನ್ಸನ್ 1936ರಲ್ಲಿ ಒಂದು ಗಿಟಾರ್ ಹಿಡಿದು ಒಬ್ಬನೇ ಹಾಡಿದ ಹಾಡನ್ನು ಇವರು ಆರು ಜನ ಸೇರಿ ಕರೆಂಟು ಹಾಯಿಸಿ ನುಡಿಸುತ್ತಾರೆ. ಪಾಲ್ ಬಟರ್‌ಫೀಲ್ಡ್ ಹಾಡುವವನೂ ಅವನೇ, ಮೌತ್ ಆರ್ಗನ್ ಊದುವವನೂ ಅವನೇ. ನಾವು ಮೌತ್ ಆರ್ಗನ್ ಅಂದರೆ ಶಾಲಾ ಪ್ರವಾಸದಲ್ಲಿ ಬಸ್ಸಿನ ಹಿಂದಿನ ಸೀಟಿನವನು ಊದುವ ಸಾಮಾನು ಅಂದುಕೊಂಡಿರುತ್ತೇವೆ. ಇಲ್ಲಿ ಅದು ಮೈಕಿನೊಳಗೆ ಸೇರಿಕೊಂಡು ಸ್ಯಾಕ್ಸೋಫೋನ್ ಹಾಗೆ ಗದರುತ್ತದೆ.

ಮೂರನೆಯದು ಒಂದು ನಿಧಾನದ ಹಾಡು. ಬದುಕೇ ಬೇಡ ಅನಿಸಿದೆ ಅನ್ನುವವನ ಹಾಡು. ಇದರಲ್ಲಿ ಮೈಕ್ ಬ್ಲೂಮ್‌ಫೀಲ್ಡ್‌ನ ಗಿಟಾರ್ ಇದೆ. ಈ ಒಂದು ಸೋಲೋ ಸಲುವಾಗಿ ಆ ಡೊಂಕು ಪ್ಲೇಟಿನ ದುಡ್ಡು ವಸೂಲಾಯಿತು ಅಂದುಕೊಂಡಿದ್ದೇನೆ. ಆಗ ಅವನ ಕೈಯಲ್ಲಿದ್ದದ್ದು 1954ರ ಗಿಬ್ಸನ್ ಲೆಸ್ ಪಾಲ್, ಬಂಗಾರದ ಬಣ್ಣದ್ದು. ಅವನು ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗಲು ಮುಂದಿನ ಮೆಟ್ಟಿಲಿಗೆ ಬೆರಳು ಇಡುವುದಿಲ್ಲ. ಇದ್ದಲ್ಲೇ ತಂತಿಯನ್ನು ಅಡ್ಡಕ್ಕೆ ಎಳೆಯುತ್ತಾನೆ. ಸ್ವರ ನರಳುತ್ತಾ ಮೇಲೇರುತ್ತದೆ. ವೀಣೆ ನುಡಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಡಗೈಯ ಎರಡು ಬೆರಳ ತುದಿಯಲ್ಲಿ ಆ ಉರಿ ಇನ್ನೂ ಇರುತ್ತದೆ. ನಾನು ಮೈಸೂರಿನಲ್ಲಿ ಆರು ವರ್ಷ ವೀಣೆ ಕಲಿತು, ಹತ್ತನೇ ಕ್ಲಾಸಿನ ನೆಪ ಹೇಳಿ ಬಿಟ್ಟವನು. ಕೈ ಮರೆತಿದೆ. ಬೆರಳು ಮರೆತಿಲ್ಲ.

ಮೊದಲ ಬದಿ ಮುಗಿಯುವುದು 'ವರ್ಕ್ ಸಾಂಗ್'ನಿಂದ. ಜಾಝ್‌ನ ನ್ಯಾಟ್ ಆಡರ್ಲಿ ಮಾಡಿದ್ದು. ಎಂಟು ನಿಮಿಷದ ಹತ್ತಿರ ಹತ್ತಿರ. ಒಬ್ಬರಾದ ಮೇಲೆ ಒಬ್ಬರು ಬಂದು ತಮ್ಮ ಪಾಲು ನುಡಿಸಿ ಹೋಗುತ್ತಾರೆ. ಚೆನ್ನಾಗಿದೆ. ಎರಡನೇ ಬದಿಯ ಮೊದಲ ಹಾಡು 'ಮೇರಿ, ಮೇರಿ' ನನಗೆ ಅಷ್ಟಕ್ಕಷ್ಟೇ. ಅದನ್ನು ಬರೆದವನು ಮೈಕಲ್ ನೆಸ್ಮಿತ್. ಮುಂದೆ ಟಿವಿಯಲ್ಲಿ ಹೆಸರು ಮಾಡಿದ ಮಂಕೀಸ್ ತಂಡದವನು. ಬ್ಲೂಸ್ ಪ್ಲೇಟಿನಲ್ಲಿ ಈ ಹಾಡು ಯಾಕೆ ಬಂತೋ, ಕಂಪನಿಯವರಿಗೆ ಒಂದು ಹಿಟ್ ಬೇಕಿತ್ತೇನೋ ಅನಿಸುತ್ತದೆ. ಇರಲಿ.

ನಾನು ಬರೆಯಲು ಕೂತದ್ದು ಕೊನೆಯ ಹಾಡಿನ ಬಗ್ಗೆ. ಹಾಡು ಅನ್ನಬಾರದು, ಮಾತೇ ಇಲ್ಲ ಅದರಲ್ಲಿ. ಆಲ್ಬಂನ ಹೆಸರೇ ಅದರ ಹೆಸರು. ಹದಿಮೂರು ನಿಮಿಷ. ಮೊದಲು ಇವರು ತಮ್ಮೊಳಗೆ ಅದನ್ನು ಕರೆಯುತ್ತಿದ್ದದ್ದು 'ದಿ ರಾಗ' ಅಂತ.

ಮೊದಲ ಸಲ ಇದನ್ನು ಕೇಳಿದ್ದು ಪ್ಲೇಟು ಕೊಳ್ಳುವ ಎಷ್ಟೋ ವರ್ಷ ಮುಂಚೆ, ಬೆಂಗಳೂರು ಮೈಸೂರು ಬಸ್ಸಿನಲ್ಲಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು. ಬಿಡದಿ ದಾಟುವ ಹೊತ್ತಿಗೆ ಶುರು ಮಾಡಿದೆ. ನಾಲ್ಕು ನಿಮಿಷಕ್ಕೆ ನಿಲ್ಲಿಸಿದೆ. ಬೇಜಾರಾಯಿತು. ಏನೋ ಆಗಬೇಕು, ಆಗುತ್ತಿಲ್ಲ ಅನ್ನುವ ಹಾಗೆ. ರಾಗ ಅಂತ ಹೆಸರಿಟ್ಟುಕೊಂಡು ಅಮೆರಿಕದ ಹುಡುಗರು ಸುಮ್ನೆ ಒಂದೇ ಕಡೆ ಸುತ್ತುತ್ತಿದ್ದಾರೆ ಅಂದುಕೊಂಡೆ.

ಯಾಕೆ ಹಾಗನಿಸಿತು ಅಂತ ಆಮೇಲೆ ಹೊಳೆಯಿತು. ಬ್ಲೂಸ್ ಹಾಡಿಗೆ ಸಾಮಾನ್ಯವಾಗಿ ಹನ್ನೆರಡು ಅಳತೆಯ ಒಂದು ಸುತ್ತು ಇರುತ್ತದೆ, ಒಂದು ಅಳತೆಗೆ ನಾಲ್ಕು ಎಣಿಕೆ. ತಾಳದ ಆವರ್ತ ಇದ್ದ ಹಾಗೆ ಅಂದುಕೊಳ್ಳಿ. ಆದರೆ ನಮ್ಮ ಆವರ್ತದಲ್ಲಿ ಶ್ರುತಿ ಕದಲುವುದಿಲ್ಲ. ಅವರ ಸುತ್ತಿನಲ್ಲಿ ಕಾರ್ಡ್, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು, ಬದಲಾಗುತ್ತದೆ. ಮೊದಲ ನಾಲ್ಕು ಅಳತೆ ಮನೆಯಲ್ಲಿ, ಅಂದರೆ ಷಡ್ಜದಲ್ಲಿ. ಐದನೆಯದಕ್ಕೆ ಕಾಲ ಕೆಳಗಿನ ನೆಲವೇ ಸರಿದು ಮಧ್ಯಮಕ್ಕೆ ಹೋಗುತ್ತದೆ. ಮತ್ತೆ ಮನೆ. ಒಂಬತ್ತನೆಯದಕ್ಕೆ ಪಂಚಮ. ಕೊನೆಗೆ ಮತ್ತೆ ಮನೆ. ಕಾಲೇಜಿನಲ್ಲಿ ಹಾಸ್ಟೆಲ್ ರೂಮಿನಲ್ಲಿ ಬ್ಲೂಸ್ ಗಿಟಾರಿನ ಬಿ. ಬಿ. ಕಿಂಗ್ ಕೇಳಿ ಕೇಳಿ ನನ್ನ ಕಿವಿ ಆ ಸರಿದಾಟಕ್ಕೆ ಕಾದು ಕೂತಿರುತ್ತದೆ. 'ಈಸ್ಟ್-ವೆಸ್ಟ್'ನಲ್ಲಿ ನೆಲ ಸರಿಯುವುದೇ ಇಲ್ಲ. ಹದಿಮೂರು ನಿಮಿಷ ಒಂದೇ ಆಧಾರ.

ನಗು ಬರುವುದು ಇಲ್ಲೇ. ಶ್ರುತಿಪೆಟ್ಟಿಗೆ ಕೇಳಿಕೊಂಡೇ ಬೆಳೆದವನಿಗೆ ಇದು ಬೇಜಾರು ತರಿಸಬಾರದಿತ್ತು, ಅಲ್ವಾ? ಆದರೆ ಇಂಗ್ಲಿಷ್ ಹಾಡು ಕೇಳುವಾಗ ಕಿವಿ ಬೇರೆ ಅಂಗಿ ಹಾಕಿಕೊಂಡಿರುತ್ತದೆ. ಅಪ್ಪನ ಜತೆ ಸಂಗೀತ ಕಛೇರಿಗೆ ಹೋಗುವ ಕಿವಿ ಬೇರೆ, ಹಾಸ್ಟೆಲ್ ರೂಮಿನ ಕಿವಿ ಬೇರೆ. ಈ ಎರಡೂ ಒಂದೇ ತಲೆಯ ಎರಡು ಪಕ್ಕದಲ್ಲಿವೆ ಅನ್ನುವುದು ನನಗೆ ಗೊತ್ತಾದದ್ದೇ ಈ ಪ್ಲೇಟಿನಿಂದ.

ಅದು ಹೇಗೆ ನಡೆಯುತ್ತದೆ ಹೇಳುತ್ತೇನೆ. ಬೇಸ್ ಗಿಟಾರ್ ಒಂದು ಸಣ್ಣ ಸುತ್ತು ಹಿಡಿಯುತ್ತದೆ. ಡ್ರಮ್ಸ್ ಬ್ಲೂಸ್‌ನ ನಡೆ ಬಿಟ್ಟು ಸ್ವಲ್ಪ ಲ್ಯಾಟಿನ್ ಅಮೆರಿಕದ ಕಡೆಗೆ ವಾಲಿದ ನಡೆಯಲ್ಲಿ ಸೇರಿಕೊಳ್ಳುತ್ತದೆ. ಅದರ ಮೇಲೆ ಮೊದಲು ಎಲ್ವಿನ್ ಬಿಷಪ್‌ನ ಗಿಟಾರ್. ಒರಟು, ನೇರ, ಊರ ಬ್ಲೂಸ್. ಆಮೇಲೆ ಬಟರ್‌ಫೀಲ್ಡ್‌ನ ಮೌತ್ ಆರ್ಗನ್. ಆಮೇಲೆ ಬ್ಲೂಮ್‌ಫೀಲ್ಡ್. ಅವನು ಬಂದ ಮೇಲೆ ದಾರಿ ಬೇರೆ ಕಡೆ ತಿರುಗುತ್ತದೆ. ಬ್ಲೂಸ್‌ನಲ್ಲಿ ಸಾಮಾನ್ಯವಾಗಿ ಬಾರದ ಸ್ವರಗಳು ಬರತೊಡಗುತ್ತವೆ. ಒಂದೇ ಪುಟ್ಟ ತುಣುಕನ್ನು ತಿರುಗಿಸಿ ಮುರುಗಿಸಿ, ಇನ್ನೊಂದು ಸ್ವರ ಸೇರಿಸಿ, ಮತ್ತೆ ಮೊದಲಿಗೆ ಬಂದು ನುಡಿಸುತ್ತಾನೆ. ನಡುವೆ ಒಂದು ಕಡೆ ಎಲ್ಲ ತಗ್ಗುತ್ತದೆ. ಮಳೆ ನಿಂತ ಮೇಲೆ ಮರದ ಹನಿ ಬೀಳುವಷ್ಟು ಮೆಲ್ಲಗೆ. ಅಲ್ಲಿಂದ ಎರಡು ಗಿಟಾರ್‌ಗಳೂ ಒಂದರ ಬಾಲ ಒಂದು ಹಿಡಿದು ಮೇಲೇರುತ್ತವೆ. ಕೊನೆಯ ಎರಡು ಮೂರು ನಿಮಿಷ ಮೈ ಜುಮ್ಮೆನ್ನುತ್ತದೆ.

ಎಲ್‌ಪಿ ಪ್ಲೇಟಿನ ಒಂದು ವಿಚಿತ್ರ ಇಲ್ಲಿ ಹೇಳಬೇಕು. ಪ್ಲೇಟು ನಿಮಿಷಕ್ಕೆ ಮೂವತ್ತಮೂರು ಚಿಲ್ಲರೆ ಸುತ್ತು, ಶುರುವಿನಿಂದ ಕೊನೆವರೆಗೂ ಒಂದೇ ವೇಗ. ಆದರೆ ಹೊರಗಿನ ಗೆರೆಯ ಸುತ್ತು ದೊಡ್ಡದು, ಒಳಗಿನದು ಚಿಕ್ಕದು. ಅಂದರೆ ಮಧ್ಯಕ್ಕೆ ಬರುತ್ತಾ ಬರುತ್ತಾ ಅಷ್ಟೇ ಸಮಯದ ಸಂಗೀತಕ್ಕೆ ಸಿಗುವ ಗೆರೆಯ ಉದ್ದ ಕಡಿಮೆ. ಚೂಪು ದನಿಗಳು ಒತ್ತಾಗಿ ಕೂತು ಒಡೆಯತೊಡಗುತ್ತವೆ. ಈ ಪ್ಲೇಟಿನ ಅತಿ ಜೋರು ಜಾಗ, ಎರಡು ಗಿಟಾರ್ ಕೂಡಿ ಉರಿಯುವ ಜಾಗ, ಎರಡನೇ ಬದಿಯ ಕಟ್ಟಕಡೆಗೆ, ಲೇಬಲ್ಲಿನ ಪಕ್ಕದಲ್ಲೇ ಬರುತ್ತದೆ. ಅಂದರೆ ಅತಿ ಕೆಟ್ಟ ಜಾಗದಲ್ಲಿ. ನನ್ನ ಪ್ಲೇಟಿನಲ್ಲಿ ಅಲ್ಲಿ ಗಿಟಾರು ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ ಕೇಳುತ್ತದೆ. ಫೋನಿನಲ್ಲಿ ಇದೇ ಜಾಗ ಶುದ್ಧವಾಗಿದೆ. ಆದರೂ ನನಗೆ ಸಾಸಿವೆಯೇ ಹೆಚ್ಚು ಇಷ್ಟ.

ಬ್ಲೂಮ್‌ಫೀಲ್ಡ್‌ಗೆ ಇದು ಹೊಳೆದ ಕತೆ ಬಹಳ ಕಡೆ ಹೇಳುತ್ತಾರೆ. ಒಂದು ರಾತ್ರಿ ಎಲ್‌ಎಸ್‌ಡಿ ಅನ್ನುವ ಭ್ರಮೆ ತರಿಸುವ ಮದ್ದು ತೆಗೆದುಕೊಂಡು ಬೆಳಗಿನವರೆಗೂ ಕೂತಿದ್ದನಂತೆ. ಬೆಳಕು ಹರಿದಾಗ, ಭಾರತದ ಸಂಗೀತ ಹೇಗೆ ನಡೆಯುತ್ತದೆ ಅನ್ನುವುದು ತನಗೆ ತಿಳಿಯಿತು ಅಂದನಂತೆ. ನಮ್ಮ ಮೇಷ್ಟ್ರು ನನ್ನಿಂದ ಸರಳೆ ವರಸೆಯನ್ನೇ ಎರಡು ವರ್ಷ ಮಾಡಿಸಿದರು. ಇವನಿಗೆ ಒಂದು ರಾತ್ರಿ ಸಾಕಾಯಿತು! ತಮಾಷೆ ಬಿಡಿ. ಆಗ ಆ ಮದ್ದು ಕ್ಯಾಲಿಫೋರ್ನಿಯಾದಲ್ಲಿ ಕಾನೂನಿಗೆ ವಿರುದ್ಧ ಕೂಡ ಆಗಿರಲಿಲ್ಲ. ಅಲ್ಲಿ ಅದನ್ನು ನಿಷೇಧಿಸಿದ್ದು 1966ರ ಅಕ್ಟೋಬರ್‌ನಲ್ಲಿ, ಈ ಪ್ಲೇಟು ಅಂಗಡಿಗೆ ಬಂದ ಮೇಲೆ. ನಮ್ಮ ಸಂಗೀತವನ್ನು ಮದ್ದಿನ ಜತೆ ಗಂಟು ಹಾಕುವುದು ರವಿಶಂಕರ್ ಅವರಿಗೆ ಕೊನೆವರೆಗೂ ಸಿಟ್ಟು ತರಿಸಿದ ವಿಷಯ. ಅದನ್ನು ಅವರು ಮತ್ತೆ ಮತ್ತೆ ಹೇಳಿದರು. ಆ ಸಿಟ್ಟು ನ್ಯಾಯವಾದದ್ದೇ.

ಆದರೆ ಇದು ಬರೀ ಮದ್ದಿನ ಕತೆ ಆಗಿರಲಾರದು. ಆ ಹೊತ್ತಿಗೆ ಅಮೆರಿಕದಲ್ಲಿ ನಮ್ಮ ಸಂಗೀತ ಹತ್ತು ವರ್ಷದಿಂದ ಓಡಾಡುತ್ತಿತ್ತು. 1955ರಲ್ಲಿ ಅಲಿ ಅಕ್ಬರ್ ಖಾನ್ ನ್ಯೂಯಾರ್ಕಿಗೆ ಹೋಗಿ ಸರೋದ್ ನುಡಿಸಿದರು, ಒಂದು ಎಲ್‌ಪಿಯೂ ಬಂತು. ಮರುವರ್ಷದಿಂದ ರವಿಶಂಕರ್ ಅವರ ಪ್ರವಾಸಗಳು. 1965ರ ಡಿಸೆಂಬರ್‌ನಲ್ಲಿ ಬೀಟಲ್ಸ್ ಹಾಡಿನಲ್ಲಿ ಜಾರ್ಜ್ ಹ್ಯಾರಿಸನ್ ಸಿತಾರ್ ಹಿಡಿದ. ಬರ್ಡ್ಸ್ ತಂಡ 1966ರ ಮಾರ್ಚ್‌ನಲ್ಲಿ ತನ್ನ ಗಿಟಾರಿಗೆ ರವಿಶಂಕರ್ ಮತ್ತು ಜಾಝ್ ಸ್ಯಾಕ್ಸೋಫೋನಿನ ಕೋಲ್ಟ್ರೇನ್ ಇಬ್ಬರ ಗಾಳಿಯನ್ನೂ ತಾಗಿಸಿತು. ಆದರೆ ಇವರಲ್ಲಿ ಹೆಚ್ಚಿನವರು ಸಿತಾರಿನ ಬಣ್ಣವನ್ನು ಮೂರು ನಿಮಿಷದ ಹಾಡಿಗೆ ಬಳಿದುಕೊಂಡರು. ಬಟರ್‌ಫೀಲ್ಡ್ ತಂಡ ಸಿತಾರ್ ಮುಟ್ಟಲಿಲ್ಲ. ಬ್ಲೂಸ್ ನುಡಿಸುವ ಅದೇ ಸಾಮಾನುಗಳು. ಅವರು ತೆಗೆದುಕೊಂಡದ್ದು ಹೊತ್ತನ್ನು. ಒಂದು ಕಡೆ ಕೂತು, ಎದ್ದು ಹೋಗದೆ, ಅಲ್ಲೇ ಏನೇನಿದೆ ಅಂತ ನೋಡುವ ಹೊತ್ತು.

ಈ ಆರು ಜನ ಯಾರು ಅಂತ ನೋಡಿದರೆ ಇನ್ನೂ ಸ್ವಾರಸ್ಯ. ಬಟರ್‌ಫೀಲ್ಡ್ ಶಿಕಾಗೋದ ಹೈಡ್ ಪಾರ್ಕ್‌ನವನು, ಚಿಕ್ಕಂದಿನಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಕೊಳಲು ಕಲಿತವನು. ಬಿಷಪ್ ಓಕ್ಲಹೋಮಾದಿಂದ ಸ್ಕಾಲರ್‌ಶಿಪ್ ಪಡೆದು ಶಿಕಾಗೋ ವಿಶ್ವವಿದ್ಯಾಲಯಕ್ಕೆ ಫಿಸಿಕ್ಸ್ ಓದಲು ಬಂದವನು. ಕೀಬೋರ್ಡಿನ ಮಾರ್ಕ್ ನಾಫ್ಟಲಿನ್ ಅವರ ಅಪ್ಪ ಆಗ ಮಿನಿಯಾಪೊಲಿಸ್ ನಗರದ ಮೇಯರ್. ಬ್ಲೂಮ್‌ಫೀಲ್ಡ್ ಅನುಕೂಲಸ್ಥ ಯಹೂದಿ ಮನೆಯ ಹುಡುಗ. ಅವರ ಮನೆಯವರದ್ದು ಹೋಟೆಲ್‌ಗಳಿಗೆ ಬೇಕಾಗುವ ಸಾಮಾನು ತಯಾರಿಸುವ ಕಾರ್ಖಾನೆ. ಇವನು ಮಾತ್ರ ಹದಿಹರೆಯದಲ್ಲೇ ಊರಿನ ದಕ್ಷಿಣ ಭಾಗದ ಕರಿಯರ ಕ್ಲಬ್ಬುಗಳಿಗೆ ಗಿಟಾರ್ ಹೊತ್ತು ಓಡುತ್ತಿದ್ದ. ಈ ನಾಲ್ವರೂ ಬಿಳಿಯರು.

ಉಳಿದ ಇಬ್ಬರು ಕರಿಯರು. ಡ್ರಮ್ಸ್‌ನ ಬಿಲಿ ಡೇವನ್‌ಪೋರ್ಟ್, ಬೇಸ್‌ನ ಜೆರೋಮ್ ಆರ್ನಾಲ್ಡ್. ಬಟರ್‌ಫೀಲ್ಡ್ ತಂಡ ಕಟ್ಟುವಾಗ ಆರ್ನಾಲ್ಡ್‌ನನ್ನು ಕರೆತಂದದ್ದು ಶಿಕಾಗೋದ ಹೆಸರಾಂತ ಬ್ಲೂಸ್ ಗಾಯಕ ಹೌಲಿನ್ ವುಲ್ಫ್‌ನ ತಂಡದಿಂದ. ಜಾಸ್ತಿ ಸಂಬಳದ ಆಸೆ ತೋರಿಸಿ. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೇನೆ.

ಆಲ್ಬಂ ರೆಕಾರ್ಡ್ ಆದದ್ದು 1966ರ ಜುಲೈನಲ್ಲಿ, ಶಿಕಾಗೋದ ಚೆಸ್ ಸ್ಟುಡಿಯೋದಲ್ಲಿ. ಮಡ್ಡಿ ವಾಟರ್ಸ್, ಹೌಲಿನ್ ವುಲ್ಫ್ ಎಲ್ಲ ಹಾಡಿದ ಜಾಗ. ಆ ಬೇಸಿಗೆಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅದೇ ಊರಿನಲ್ಲಿದ್ದರು. ಕರಿಯರಿಗೆ ಬಿಳಿಯರ ಬಡಾವಣೆಗಳಲ್ಲಿ ಮನೆ ಕೊಡುವುದಿಲ್ಲ ಅನ್ನುವುದರ ವಿರುದ್ಧ ಚಳವಳಿ ನಡೆಯುತ್ತಿತ್ತು. ಜುಲೈ 10ಕ್ಕೆ ಸೋಲ್ಜರ್ ಫೀಲ್ಡ್ ಮೈದಾನದಲ್ಲಿ ದೊಡ್ಡ ಸಭೆ. ಎರಡು ದಿನಕ್ಕೆ ಊರಿನ ಪಶ್ಚಿಮ ಭಾಗದಲ್ಲಿ ಗಲಭೆ. ಆಗಸ್ಟ್ 5ರಂದು ಮಾರ್ಕ್ವೆಟ್ ಪಾರ್ಕ್‌ನಲ್ಲಿ ಮೆರವಣಿಗೆ ಹೋಗುವಾಗ ಕಿಂಗ್ ಅವರ ತಲೆಗೆ ಕಲ್ಲು ಬಿತ್ತು. ಪ್ಲೇಟಿನ ಮುಖಪುಟದಲ್ಲಿ ಈ ಆರು ಜನ ಒಟ್ಟಿಗೆ ನಿಂತಿದ್ದಾರೆ. ಮೊದಲು ನೋಡಿದಾಗ ನನಗೆ ಅದು ಬರೀ ಒಂದು ಬ್ಯಾಂಡಿನ ಫೋಟೋ. ಆ ತಿಂಗಳ ತಾರೀಕುಗಳನ್ನು ಪಕ್ಕದಲ್ಲಿ ಇಟ್ಟುಕೊಂಡು ನೋಡಿದ ಮೇಲೆ ಅದೇ ಫೋಟೋವನ್ನು ಸ್ವಲ್ಪ ಹೊತ್ತು ಜಾಸ್ತಿ ನೋಡುತ್ತೇನೆ.

ಇನ್ನು ಮೇಷ್ಟ್ರ ವಿಷಯ. ಕಳೆದ ಚಳಿಗಾಲದಲ್ಲಿ ನನ್ನ ವೀಣೆ ಮೇಷ್ಟ್ರು ಕಣ್ಣಿನ ಪೊರೆ ತೆಗೆಸಲು ಬೆಂಗಳೂರಿಗೆ ಮಗಳ ಮನೆಗೆ ಬಂದಿದ್ದರು. ಎಂಬತ್ತರ ಹತ್ತಿರದ ವಯಸ್ಸು. ಆಪರೇಷನ್ ಆದ ಮೇಲೆ ಕೆಲವು ದಿನ ಪೇಪರ್ ಓದಬೇಡಿ, ಟಿವಿ ನೋಡಬೇಡಿ ಅಂದಿದ್ದರಂತೆ ಡಾಕ್ಟರು. ಅವರಿಗೆ ಹೊತ್ತು ಹೋಗುತ್ತಿರಲಿಲ್ಲ. ಒಂದು ಭಾನುವಾರ ನಮ್ಮ ಮನೆಗೆ ಕರೆತಂದೆ. ಬಿಳಿ ಪಂಚೆ, ಬಿಳಿ ಜುಬ್ಬ, ಆಸ್ಪತ್ರೆಯವರು ಕೊಟ್ಟ ದೊಡ್ಡ ಕಪ್ಪು ಕನ್ನಡಕ. ಸೋಫಾದಲ್ಲಿ ಕಾಫಿ ಲೋಟ ಹಿಡಿದು ಕೂತಾಗ, ಅರವತ್ತರ ದಶಕದ ಯಾವುದೋ ಬ್ಯಾಂಡಿನಿಂದ ರಿಟೈರ್ ಆದವರ ಹಾಗೆ ಕಂಡರು.

"ಏನೋ ಕೇಳ್ತಿರ್ತೀಯಂತಲ್ಲ, ಹಾಕು ನೋಡೋಣ" ಅಂದರು.

"ಸಾರ್, ಅದು ಗಲಾಟೆ ಸಂಗೀತ. ನಿಮಗೆ ಹಿಡಿಸುತ್ತೋ ಇಲ್ವೋ."

"ಕಣ್ಣು ಕಟ್ಟಿ ಕೂರಿಸಿದಾರೆ. ಕಿವಿ ಕಟ್ಟಿಲ್ಲವಲ್ಲ. ಹಾಕಯ್ಯಾ."

ಹೆಸರು ಹೇಳಲಿಲ್ಲ, ರಾಗ ಅಂತಲೂ ಹೇಳಲಿಲ್ಲ. ಮುಳ್ಳು ಇಟ್ಟೆ. ಮೇಷ್ಟ್ರ ಬಲಗೈ ತಾನಾಗಿ ತೊಡೆಯ ಮೇಲೆ ಬಿತ್ತು. ಆದಿತಾಳ ಹಾಕತೊಡಗಿದರು. ಮೊದಲ ಗಿಟಾರ್ ಬಂದಾಗ ತಲೆ ಒಂದು ಕಡೆ ವಾಲಿಸಿದರು.

"ಶುದ್ಧ ಧನ್ಯಾಸಿ ಸ್ವರ ಇದು."

ಸರಿಯೇ. ಬ್ಲೂಸ್ ಗಿಟಾರಿನವರು ಹೆಚ್ಚಾಗಿ ಹಿಡಿದುಕೊಳ್ಳುವ ಐದು ಸ್ವರಗಳನ್ನು ನಮ್ಮ ಲೆಕ್ಕದಲ್ಲಿ ಬರೆದರೆ ಸ ಗ ಮ ಪ ನಿ. ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಕೈಶಿಕಿ ನಿಷಾದ. ಅದೇ ಶುದ್ಧ ಧನ್ಯಾಸಿಯ ಸ್ವರಗಳು. ಪುರಂದರದಾಸರ 'ನಾರಾಯಣ ನಿನ್ನ ನಾಮದ ಸ್ಮರಣೆಯ' ಹಾಡುವುದು ಆ ರಾಗದಲ್ಲೇ. ಮೈಸೂರು ಆಸ್ಥಾನದಲ್ಲಿದ್ದ ಮುತ್ತಯ್ಯ ಭಾಗವತರ 'ಹಿಮಗಿರಿ ತನಯೇ' ಕೂಡ ಅದರಲ್ಲೇ. ಸ್ವರ ಒಂದೇ ಆದ ಮಾತ್ರಕ್ಕೆ ರಾಗ ಒಂದೇ ಆಗುವುದಿಲ್ಲ. ಅಕ್ಕಿ ಒಂದೇ, ಬಿಸಿಬೇಳೆಬಾತೂ ಆಗುತ್ತದೆ, ಪೊಂಗಲ್ಲೂ ಆಗುತ್ತದೆ. ಬ್ಲೂಸ್‌ನವರ ಗಾಂಧಾರ ಒಂದು ಕಡೆ ನಿಲ್ಲುವುದೂ ಇಲ್ಲ. ಸಾಧಾರಣ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ ನಡುವೆ ಎಲ್ಲೋ ನೇತಾಡುತ್ತಿರುತ್ತದೆ. ಆ ನೇತಾಟವೇ ಬ್ಲೂಸ್‌ನ ಜೀವ.

ಮೇಷ್ಟ್ರು ಅದನ್ನೂ ಹಿಡಿದರು. "ಗಾಂಧಾರ ಎಳೀತಾನೆ, ಪೂರ್ತಿ ಎಳೆಯಲ್ಲ. ಬೇಕಂತಲೇ ಬಿಡ್ತಾನೆ. ಪರವಾಗಿಲ್ಲ." ಪರವಾಗಿಲ್ಲ ಅನ್ನುವುದು ಅವರ ಬಾಯಲ್ಲಿ ದೊಡ್ಡ ಹೊಗಳಿಕೆ. ಆರು ವರ್ಷದಲ್ಲಿ ನನಗೆ ಸಿಕ್ಕದ್ದು ಎರಡೇ ಸಲ.

ಬ್ಲೂಮ್‌ಫೀಲ್ಡ್ ಬಂದ. ಹೊಸ ಸ್ವರಗಳು ನುಗ್ಗಿದವು. ಮೇಷ್ಟ್ರ ಹುಬ್ಬು ಕನ್ನಡಕದ ಮೇಲೆ ಎದ್ದಿತು. "ಇವನು ಯಾಕೋ ಊರೆಲ್ಲಾ ಸುತ್ತಕ್ಕೆ ಹೊರಟ" ಅಂದರು. ಆಮೇಲೆ ತುಂಬ ಹೊತ್ತು ಮಾತಿಲ್ಲ. ಕೊನೆಗೆ ಸಾಸಿವೆ ಸಿಡಿಯಿತು, ಪ್ಲೇಟು ಮುಗಿಯಿತು. ಆಗ ಹೇಳಿದೆ, ಸಾರ್ ಇವರು ಇದನ್ನು ರಾಗ ಅಂತ ಕರೀತಿದ್ದರು ಅಂತ.

ಮೇಷ್ಟ್ರು ನಕ್ಕರು. "ರಾಗ ಎಲ್ಲಿ ಬಂತು? ಆಲಾಪನೆ ಇಲ್ಲ, ಶುರುವಿನಿಂದಲೇ ತಾಳ. ಒಬ್ಬ ಒಂದು ರಾಗ ಹಿಡಿದರೆ ಇನ್ನೊಬ್ಬ ಇನ್ನೊಂದು. ಮೇಲೆ ಕೂತು ನುಡಿಸ್ತಾರಲ್ಲ, ಆ ಹುಡುಗರಿಗೆ ಅವಸರ. ಕೆಳಗೆ ಒಬ್ಬ ಇದಾನೆ ನೋಡು, ದಪ್ಪ ತಂತಿಯವನು. ಅವನಿಗೆ ಗೊತ್ತು. ಅವನು ಸಾ ಬಿಟ್ಟು ಹೋಗಲ್ಲ. ಯಾರವನು?"

ನಾನು ಅದುವರೆಗೂ ಈ ಪ್ಲೇಟನ್ನು ಇಪ್ಪತ್ತು ಮೂವತ್ತು ಸಲ ಕೇಳಿದ್ದೆ. ಪ್ರತಿ ಸಲವೂ ಮೇಲಿನ ಗಿಟಾರಿಗೆ ಕಿವಿ ಕೊಟ್ಟು. ಬೇಸ್ ಅಂದರೆ ನನಗೆ ಗೋಡೆ, ಅದರ ಮೇಲಿನ ಚಿತ್ರಕ್ಕೆ ತಾನೇ ನಾವು ನೋಡುವುದು. ಮೇಷ್ಟ್ರು ಗೋಡೆ ಕಟ್ಟಿದವನ ಹೆಸರು ಕೇಳಿದರು.

ವೀಣೆಯಲ್ಲಿ ನಾಲ್ಕು ತಂತಿ ನುಡಿಸಲು, ಪಕ್ಕದಲ್ಲಿ ಮೂರು ತಾಳದ ತಂತಿ. ಆ ಮೂರನ್ನು ಕಿರುಬೆರಳಿನಿಂದ ಮೀಟುತ್ತಾ ಇರಬೇಕು. ಅವುಗಳಲ್ಲಿ ಇರುವುದು ಷಡ್ಜ, ಪಂಚಮ ಅಷ್ಟೇ. ಹುಡುಗರಾಗಿದ್ದಾಗ ನಮಗೆ ಆ ಕಿರುಬೆರಳಿನ ಕೆಲಸ ಮರೆತೇ ಹೋಗುತ್ತಿತ್ತು, ಮೇಷ್ಟ್ರು ಮರೆಯಲು ಬಿಡುತ್ತಿರಲಿಲ್ಲ. ಅರವತ್ತು ವರ್ಷ ಆ ಕಿರುಬೆರಳಿನ ಜತೆ ಬದುಕಿದವರು. ಅವರ ಕಿವಿ ಮೊದಲು ಅಲ್ಲಿಗೇ ಹೋಗುವುದರಲ್ಲಿ ಆಶ್ಚರ್ಯ ಇಲ್ಲ.

ಅವರು ಹೋದ ಮೇಲೆ ಪ್ಲೇಟನ್ನು ಮತ್ತೆ ಹಾಕಿ ಬರೀ ಜೆರೋಮ್ ಆರ್ನಾಲ್ಡ್‌ನನ್ನು ಕೇಳಿದೆ. ಗಿಟಾರುಗಳು ಏನು ಬೇಕಾದರೂ ಮಾಡಿಕೊಳ್ಳಲಿ ಅಂತ ಬಿಟ್ಟೆ. ಒಂದೊಂದು ಭಾಗಕ್ಕೂ ಅವನ ಸುತ್ತು ಸ್ವಲ್ಪ ಬದಲಾಗುತ್ತದೆ, ಕಾಲೂರುವ ಸ್ವರ ಬದಲಾಗುವುದಿಲ್ಲ. ಹದಿಮೂರು ನಿಮಿಷ ಒಬ್ಬ ಮನುಷ್ಯ ತನ್ನ ಹೆಸರು ಬರದ ಹಾಗೆ ನುಡಿಸುವುದು ಎಷ್ಟು ಕಷ್ಟ ಅಂತ ಅನಿಸಿತು.

ಆಮೇಲೆ ಇನ್ನೊಂದು ಹೊಳೆಯಿತು. ಈ ಒಂದೇ ಆಧಾರದ ಮೇಲೆ ನಿಲ್ಲುವುದನ್ನು ಅವನು ರವಿಶಂಕರ್ ಅವರಿಂದ ಕಲಿಯಬೇಕಾಗಿರಲಿಲ್ಲ. ಅವನು ಬಂದದ್ದು ಹೌಲಿನ್ ವುಲ್ಫ್‌ನ ತಂಡದಿಂದ. ಮಿಸಿಸಿಪಿಯ ಹಳೇ ಬ್ಲೂಸ್‌ನಲ್ಲಿ ಹನ್ನೆರಡು ಅಳತೆಯ ಸುತ್ತನ್ನು ಯಾರೂ ಅಷ್ಟು ಕಟ್ಟುನಿಟ್ಟಾಗಿ ಇಟ್ಟುಕೊಂಡಿರಲಿಲ್ಲ. ಎಷ್ಟೋ ಹಾಡುಗಳಲ್ಲಿ ಕಾರ್ಡ್ ಬದಲಾಗುವುದೇ ಇಲ್ಲ. ಜಾನ್ ಲೀ ಹೂಕರ್ ಒಂದೇ ಕಾರ್ಡಿನ ಮೇಲೆ ಕಾಲಲ್ಲಿ ತಾಳ ಹಾಕುತ್ತಾ ಇಡೀ ಹಾಡು ಮುಗಿಸುತ್ತಾನೆ. ವುಲ್ಫ್‌ನ ಎಷ್ಟೋ ಹಾಡು ಹಾಗೇ. ಇದೇ ಆಲ್ಬಂನ ಎರಡನೇ ಬದಿಯಲ್ಲಿರುವ ಮಡ್ಡಿ ವಾಟರ್ಸ್ ಹಾಡು ಕೂಡ ಅದೇ ಮನೆತನದ್ದು. ಹಾಗಾದರೆ ಈ 'ಈಸ್ಟ್' ಎಲ್ಲಿಂದ ಬಂತು? ಗಿಟಾರ್ ಹಿಡಿದ ಹುಡುಗರು ಅದನ್ನು ಪೂರ್ವದಲ್ಲಿ ಹುಡುಕಿ ತಂದೆವು ಅಂದುಕೊಂಡರು. ಅದು ಅವರ ಹಿಂದೆ ನಿಂತವನ ಕೈಯಲ್ಲಿ ಮೊದಲೇ ಇತ್ತು. ರಾಗದ ಹೆಸರು ಬಂದದ್ದರಿಂದ ಅದನ್ನು ಹದಿಮೂರು ನಿಮಿಷ ಎಳೆಯುವ ಧೈರ್ಯ ಬಂತು, ಅಷ್ಟೇ ಅಂತ ನನ್ನ ಲೆಕ್ಕ. ನಾಫ್ಟಲಿನ್ ಕೂಡ ಈ ರಚನೆ ಭಾರತೀಯ 'ಡ್ರೋನ್', ಅಂದರೆ ನಿಲ್ಲದೆ ಹಿಡಿದ ಶ್ರುತಿ, ಅದರ ಮೇಲೆ ನಿಂತಿದೆ ಅಂತಲೇ ವಿವರಿಸಿದ್ದಾರೆ. ಅವರು ಅಲ್ಲೇ ಕೂತು ನುಡಿಸಿದವರು, ನಾನು ಅರುವತ್ತು ವರ್ಷ ಆಚೆ ಸೋಫಾದಲ್ಲಿ ಕೂತವನು. ಆದರೂ ಈ ಒಂದು ವಿಷಯದಲ್ಲಿ ನಾನು ಮೇಷ್ಟ್ರ ಪಕ್ಷ.

ಪ್ಲೇಟಿನಲ್ಲಿ ಈ ರಚನೆಯ ಕೆಳಗೆ ಇರುವ ಹೆಸರು ಎರಡು. ಬ್ಲೂಮ್‌ಫೀಲ್ಡ್, ಮತ್ತು ಅವನ ಗೆಳೆಯ ನಿಕ್ ಗ್ರೇವನೈಟಿಸ್. ಆರ್ನಾಲ್ಡ್, ಡೇವನ್‌ಪೋರ್ಟ್ ಹೆಸರು ನುಡಿಸಿದವರ ಪಟ್ಟಿಯಲ್ಲಿದೆ.

ವೇದಿಕೆಯಲ್ಲಿ ಇವರು ಇದನ್ನು ಇನ್ನೂ ಉದ್ದ ಎಳೆಯುತ್ತಿದ್ದರು. ಕೆಲವು ಸಲ ಒಂದು ಗಂಟೆ. 1966ರ ಮಾರ್ಚ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಫಿಲ್‌ಮೋರ್ ಸಭಾಂಗಣದಲ್ಲಿ ನುಡಿಸಿದಾಗ ಅಲ್ಲಿನ ಎಳೆಯ ಬ್ಯಾಂಡುಗಳೆಲ್ಲ ಬಾಯಿ ಬಿಟ್ಟುಕೊಂಡು ನೋಡಿದವು. ಗಂಟೆಗಟ್ಟಲೆ ಒಂದೇ ಹಾಡು ನುಡಿಸುವ ಅಲ್ಲಿನ ಚಾಳಿಗೆ ಇವರ ಪಾಲೂ ಇದೆ. ಆ ಕಾರ್ಯಕ್ರಮ ನಡೆಸಿದವರಲ್ಲಿ ಬಿಲ್ ಗ್ರಹಾಂ ಒಬ್ಬ. ಜನ ಸೇರಿದ್ದು ನೋಡಿ ಮರುದಿನ ನಸುಕಿನಲ್ಲೇ ಎದ್ದು ತಂಡದ ಮ್ಯಾನೇಜರಿಗೆ ಫೋನ್ ಮಾಡಿ, ಜತೆಗಾರ ಚೆಟ್ ಹೆಲ್ಮ್ಸ್ ಏಳುವ ಮುಂಚೆ, ಮುಂದಿನ ಕಾರ್ಯಕ್ರಮಗಳನ್ನು ತಾನೇ ಬುಕ್ ಮಾಡಿಕೊಂಡ. ಹಿಪ್ಪಿಗಳ ಊರಿನಲ್ಲೂ ಬೇಗ ಏಳುವವನಿಗೇ ಹಾಲು! ಒಂದು ಒಳ್ಳೆಯ ಕೆಲಸವೂ ಅಲ್ಲಿಂದ ಆಯಿತು. ಬ್ಲೂಮ್‌ಫೀಲ್ಡ್ ಹಠ ಹಿಡಿದು ಗ್ರಹಾಂಗೆ ಬಿ. ಬಿ. ಕಿಂಗ್ ಅವರನ್ನು ಕರೆಸಲು ಹೇಳಿದ. 1967ರಲ್ಲಿ ಕಿಂಗ್ ಫಿಲ್‌ಮೋರ್ ವೇದಿಕೆಗೆ ಬಂದಾಗ ಆ ಬಿಳಿ ಹುಡುಗರೆಲ್ಲ ಎದ್ದು ನಿಂತರು. ಕಿಂಗ್ ಅವರ ಕಣ್ಣಲ್ಲಿ ನೀರು ಬಂತು.

ನಾಫ್ಟಲಿನ್ 1996ರಲ್ಲಿ ಆ ಕಾಲದ ಮೂರು ಲೈವ್ ರೆಕಾರ್ಡಿಂಗ್‌ಗಳನ್ನು ಹೊರತಂದರು. ಅದರಲ್ಲಿ ಒಂದು 28 ನಿಮಿಷದ್ದು. ದನಿ ಚೆನ್ನಾಗಿಲ್ಲ, ಪಕ್ಕದ ಮನೆಯಲ್ಲಿ ನುಡಿಸಿದ ಹಾಗಿದೆ. ಅದನ್ನೂ ಕೇಳಿದ್ದೇನೆ. ಒಂದು ಸಲ ಸಾಕು.

ಬ್ಲೂಮ್‌ಫೀಲ್ಡ್ 1967ರಲ್ಲೇ ತಂಡ ಬಿಟ್ಟ. 1981ರ ಫೆಬ್ರವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕಾರಿನೊಳಗೆ ಹೆಣವಾಗಿ ಸಿಕ್ಕಿದ. 37 ವರ್ಷ. ಮಾದಕ ವಸ್ತು. ಬಟರ್‌ಫೀಲ್ಡ್ 1987ರಲ್ಲಿ ಹೋದ. 44 ವರ್ಷ. ಅದೇ ಕಾರಣ. ಆ ಮೂರನೇ ಹಾಡು, ಬದುಕು ಬೇಡ ಅನ್ನುವುದು, ಈ ತಾರೀಕುಗಳು ಗೊತ್ತಾದ ಮೇಲೆ ಕೇಳಲು ಸ್ವಲ್ಪ ಕಷ್ಟ. ನಾನು ಅದನ್ನು ರಾತ್ರಿ ಹಾಕುವುದಿಲ್ಲ.

ಮೇಷ್ಟ್ರು ಮೈಸೂರಿಗೆ ವಾಪಸ್ ಹೋಗುವ ಹಿಂದಿನ ದಿನ ನೋಡಲು ಹೋಗಿದ್ದೆ. ಕಪ್ಪು ಕನ್ನಡಕ ಹೋಗಿತ್ತು. ಪೇಪರ್ ಓದುತ್ತಿದ್ದರು. ಮಡಚಿ ಪಕ್ಕಕ್ಕಿಟ್ಟು, "ಆ ದಪ್ಪ ತಂತಿಯವನದ್ದು ಬೇರೆ ಪ್ಲೇಟು ಇದೆಯೇನಯ್ಯಾ?" ಅಂದರು.

ಅವನದ್ದೇ ಅಂತ ಇಲ್ಲ ಸಾರ್, ಅವನು ಮುಂಚೆ ಇದ್ದ ತಂಡದ ಯಜಮಾನನದ್ದು ಇದೆ ಅಂತ ಫೋನ್ ತೆಗೆದು 'ಸ್ಮೋಕ್‌ಸ್ಟ್ಯಾಕ್ ಲೈಟ್ನಿಂಗ್' ಹಾಕಿದೆ. 1956ರ ಹಾಡು, ಅದರಲ್ಲಿ ಆರ್ನಾಲ್ಡ್ ಇಲ್ಲ. ಇರುವುದು ಒಂದೇ ಕಾರ್ಡು, ಮತ್ತು ಹೌಲಿನ್ ವುಲ್ಫ್‌ನ ಆ ಗಂಟಲು. ರಾತ್ರಿ ರೈಲು ನೋಡಿ ಊಳಿಟ್ಟ ಹಾಗೆ ದನಿ ಮೇಲಕ್ಕೆ ಹೋಗುತ್ತದೆ. ಮೇಷ್ಟ್ರು ಫೋನನ್ನು ಕಿವಿಯ ಹತ್ತಿರ ಹಿಡಿದುಕೊಂಡರು. ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿಗೆ ಅವರ ಗಂಟಲಿನಿಂದ ಸಣ್ಣಗೆ ಒಂದು ಸಾ ಬರತೊಡಗಿತು. ಅಡುಗೆ ಮನೆಯಿಂದ ಅವರ ಮಗಳು ಇಣುಕಿ ನೋಡಿ ಒಳಗೆ ಹೋದರು.

ಮೂರು ನಿಮಿಷಕ್ಕೆ ಹಾಡು ನಿಂತಿತು. ಮೇಷ್ಟ್ರು ಕಣ್ಣು ಬಿಟ್ಟು ಫೋನನ್ನು ತಿರುಗಿಸಿ ನೋಡಿದರು.

"ಅಷ್ಟೇನಾ? ಈಗಿನ್ನೂ ಶ್ರುತಿ ಸೇರ್ತಿತ್ತಲ್ಲಯ್ಯಾ."